ಗಾಜಿನ ಎಳೆಯ ತುದಿಯ ದೀಪ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ 2025ರ ಫೆಬ್ರವರಿ 28ರಂದು ನಡೆದ ರಾಷ್ಟ್ರೀಯ ವಿಜ್ಞಾನ ದಿನಾಚರಣೆಯಲ್ಲಿ, 2003-04ನೇ ಸಾಲಿನ ಹಳೆಯ ವಿದ್ಯಾರ್ಥಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವ ಬಿ.ಇ. ಪದವೀಧರರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಲ್ಲಿ ಮಾತನಾಡಬೇಕೆಂದು ಸಮಿತಿಯವರು ಫೋನ್ ಮಾಡಿದಾಗ, "ಈಗಿನ ಮಕ್ಕಳಿಗೆ ಇಷ್ಟವಾಗುವಂತೆ ಕೃತಕ ಬುದ್ಧಿಮತ್ತೆಯ ಬಗ್ಗೆ ಹೇಳಿ" ಎಂದರು. ನಾನು, "ಅದರ ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ. ನನಗೆ ಒಂದು ಹಳೆಯ ಸಾಲ ಇದೆ, ಅದನ್ನು ತೀರಿಸುತ್ತೇನೆ" ಎಂದೆ. ಆ ಸಾಲ ಒಂದು ಪ್ರಶ್ನೆಯದು. ಹದಿನೈದು ವರ್ಷದ ಹಿಂದೆ ಒಬ್ಬರು ಕೇಳಿದರು, ನನಗೆ ಉತ್ತರ ಬರಲಿಲ್ಲ. ಇವತ್ತು ಆ ಉತ್ತರವನ್ನು ನನ್ನ ಶಾಲೆಯಲ್ಲಿ, ನನ್ನ ಭಾಷೆಯಲ್ಲಿ ಹೇಳಲು ಬಂದಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮೂರ ಜಾತ್ರೆಯಲ್ಲಿ ಇಪ್ಪತ್ತು ರೂಪಾಯಿಗೆ ಒಂದು ಲೇಸರ್ ಲೈಟ್ ಕೊಂಡಿದ್ದೆ. ಬೀಗದ ಕೈಗೊಂಚಲಿಗೆ ಸಿಕ್ಕಿಸಿಕೊಳ್ಳುವಂಥದ್ದು. ಗುಂಡಿ ಒತ್ತಿದರೆ ಗೋಡೆಯ ಮೇಲೆ ಕೆಂಪು ಚುಕ್ಕೆ. ಮಾರನೆಯ ದಿನ ವಿಜ್ಞಾನದ ಮೇಷ್ಟ್ರು ಹಲಗೆಯ ಮೇಲೆ ಬರೆಯುತ್ತಿದ್ದಾಗ ಅವರ ಸೀಮೆಸುಣ್ಣದ ಪಕ್ಕದಲ್ಲೇ ಆ ಚುಕ್ಕೆಯನ್ನು ಕುಣಿಸಿದೆ. ಮೇಷ್ಟ್ರು ತಿರುಗಿ ನೋಡಿದರು. ಇಡೀ ತರಗತಿ ನನ್ನ ಕಡೆ ನೋಡಿತು. ಲೇಸರ್ ಅವರ ಜೇಬು ಸೇರಿತು. "ಕಣ್ಣಿಗೆ ಬಿದ್ದರೆ ಏನಾಗುತ್ತದೆ ಗೊತ್ತಾ?" ಎಂದು ಗದರಿದರು. ಮನೆಗೆ ಹೇಳಿ ಕಳಿಸುತ್ತಾರೆಂದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮರುದಿನ ಅವರು ತರಗತಿಗೆ ಒಂದು ಖಾಲಿ ನೀರಿನ ಬಾಟಲಿ, ಒಂದು ಮೊಳೆ, ಒಂದು ಬಕೆಟ್ ತಂದರು. ಕಿಟಕಿಗಳಿಗೆ ಗೋಣಿಚೀಲ ಕಟ್ಟಿಸಿದರು. ಬಾಟಲಿಯ ಬುಡದ ಹತ್ತಿರ ಮೊಳೆಯಿಂದ ತೂತು ಮಾಡಿ ನೀರು ತುಂಬಿಸಿದರು. ತೂತಿನಿಂದ ನೀರು ಬಿಲ್ಲಿನಂತೆ ಬಾಗಿ ಬಕೆಟ್ಟಿಗೆ ಬೀಳುತ್ತಿತ್ತು. ಆಗ ನನ್ನದೇ ಲೇಸರ್ ತೆಗೆದು, ಬಾಟಲಿಯ ಹಿಂದಿನಿಂದ ಆ ತೂತಿಗೆ ಸರಿಯಾಗಿ ಗುರಿಯಿಟ್ಟರು. ಕೆಂಪು ಬೆಳಕು ನೀರಿನ ಧಾರೆಯ ಜೊತೆಯಲ್ಲೇ ಬಾಗಿ ಬಕೆಟ್ಟಿನೊಳಕ್ಕೆ ಇಳಿಯಿತು. ನನ್ನನ್ನೇ ಕರೆದು ಧಾರೆಯ ಕೆಳಗೆ ಕೈ ಒಡ್ಡಿಸಿದರು. ನನ್ನ ಅಂಗೈ ಕೆಂಪಾಗಿ ಹೊಳೆಯಿತು. "ಬೆಳಕು ಬಾಗಿತೇನೋ?" ಎಂದರು. "ಬಾಗಿತು ಸಾರ್" ಎಂದೆ. "ಇಲ್ಲ. ಅದು ನೇರವಾಗೇ ಹೋಗುತ್ತಿದೆ. ನೀರಿನ ಅಂಚಿಗೆ ಬಡಿದು ಬಡಿದು ಒಳಕ್ಕೇ ವಾಪಸಾಗುತ್ತಿದೆ, ಅಷ್ಟೆ" ಎಂದರು. ಪೂರ್ಣ ಆಂತರಿಕ ಪ್ರತಿಫಲನ ನನಗೆ ಅರ್ಥವಾದದ್ದು ಹೀಗೆ. ಆ ತಿಂಗಳುಗಳಲ್ಲೇ ನಮ್ಮೂರ ರಸ್ತೆಯ ಪಕ್ಕ ಚರಂಡಿಯಂತೆ ಉದ್ದಕ್ಕೆ ಅಗೆದು ಪೈಪು ಹೂಳುತ್ತಿದ್ದರು. ಏನೆಂದು ಕೇಳಿದರೆ ಕೂಲಿಯವರು "ಗಾಜಿನ ದಾರ ಹಾಕ್ತಾರಂತೆ" ಎಂದು ನಗುತ್ತಿದ್ದರು. ಮೇಷ್ಟ್ರು, "ಈ ನೀರಿನ ಧಾರೆಯ ಬದಲು ಗಾಜಿನ ಎಳೆ, ಅದೇ ಆಪ್ಟಿಕಲ್ ಫೈಬರ್" ಎಂದರು. ಕೊನೆಗೆ ಆ ಲೇಸರ್ ಬಿಚ್ಚಿ ಒಳಗಿನ ಒಂದು ಸಣ್ಣ ಚುಕ್ಕೆ ತೋರಿಸಿ, "ಬೆಳಕು ಹುಟ್ಟುವುದು ಇಲ್ಲಿ. ಹೇಗೆ ಅನ್ನೋದನ್ನ ಕಾಲೇಜಿನಲ್ಲಿ ಕಲೀತೀಯ" ಎಂದರು.

ಕಾಲೇಜಿಗೆ ಹೋದೆ. ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್‌ನಲ್ಲಿ ಬಿ.ಇ. ಸೀಟು ಸಿಕ್ಕಿತು. ಕನ್ನಡ ಮಾಧ್ಯಮದಿಂದ ಹೋದ ನನಗೆ ಎಲ್ಲವೂ ಇಂಗ್ಲಿಷ್. ಅರ್ಥವಾಗದ್ದನ್ನು ಬಾಯಿಪಾಠ ಮಾಡಿದೆ. ಆಪ್ಟಿಕಲ್ ಫೈಬರ್ ವಿಷಯದಲ್ಲಿ ಒಳ್ಳೆಯ ಅಂಕವೇ ಬಂತು. ಕೊನೆಯ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಹಿರಿಯ ಪರೀಕ್ಷಕರೊಬ್ಬರು ಕೇಳಿದರು: "ಕಂಪ್ಯೂಟರ್ ಚಿಪ್, ಮೊಬೈಲ್ ಚಿಪ್ ಎಲ್ಲವನ್ನೂ ಸಿಲಿಕಾನ್‌ನಲ್ಲಿ ಮಾಡುತ್ತಾರೆ. ಫೈಬರ್‌ಗೆ ಬೆಳಕು ಕೊಡುವ ಲೇಸರ್ ಅನ್ನು ಮಾತ್ರ ಯಾಕೆ ಸಿಲಿಕಾನ್‌ನಲ್ಲಿ ಮಾಡುವುದಿಲ್ಲ?" ನಾನು ಇಂಗ್ಲಿಷಿನಲ್ಲಿ ಲೇಸರ್‌ನ ವ್ಯಾಖ್ಯೆಯನ್ನು ಗಿಳಿಯಂತೆ ಒಪ್ಪಿಸಿದೆ. ಅವರು ಕೈ ಎತ್ತಿ ನಿಲ್ಲಿಸಿ, ಬಹಳ ಮೃದುವಾಗಿ, "ಕನ್ನಡದಲ್ಲೇ ಹೇಳಪ್ಪ" ಎಂದರು.

ಕನ್ನಡದಲ್ಲೂ ಬರಲಿಲ್ಲ.

ಅಲ್ಲಿಯವರೆಗೆ ನನಗೆ ಏನು ಬಾರದಿದ್ದರೂ ಇಂಗ್ಲಿಷಿನ ಮೇಲೆ ಹಾಕುತ್ತಿದ್ದೆ. ನನಗೆ ಬಾರದೇ ಇದ್ದದ್ದು ಇಂಗ್ಲಿಷ್ ಅಲ್ಲ, ವಿಷಯ ಎಂದು ಆವತ್ತು ಗೊತ್ತಾಯಿತು. ಆದರೆ ನಾಚಿಕೆಯಾದರೂ ಓದಲಿಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಪ್ರಶ್ನೆಯನ್ನು ಅಲ್ಲೇ ಬಿಟ್ಟು ಹೊರಟೆ.

ಅದು ನನ್ನನ್ನು ಬಿಡಲಿಲ್ಲ. ಕೆಲವು ವರ್ಷಗಳ ನಂತರ ಫೈಬರ್ ಜಾಲಗಳ ಮೇಲೆ ನಿಗಾ ಇಡುವ ಸಾಫ್ಟ್‌ವೇರ್ ಬರೆಯುವ ತಂಡಕ್ಕೆ ಸೇರಿದೆ. ನಿಮ್ಮ ಮನೆಗೆ ಬರುವ ಫೈಬರ್ ಇಂಟರ್‌ನೆಟ್ ಹೇಗಿರುತ್ತದೆಂದರೆ, ಕೇಂದ್ರದಿಂದ ಒಂದೇ ಎಳೆ ಹೊರಡುತ್ತದೆ. ಊರೊಳಗೆ ಅದು ಮರದ ಕೊಂಬೆಯಂತೆ 32 ಅಥವಾ 64 ಮನೆಗಳಿಗೆ ಕವಲಾಗುತ್ತದೆ. ಕೇಂದ್ರದಿಂದ ಮನೆಗೆ 1490 ನ್ಯಾನೊಮೀಟರ್ ತರಂಗದೂರದ ಬೆಳಕು ಬರುತ್ತದೆ, ಮನೆಯಿಂದ ಕೇಂದ್ರಕ್ಕೆ 1310 ನ್ಯಾನೊಮೀಟರ್‌ನ ಬೆಳಕು ಹೋಗುತ್ತದೆ. ಎರಡೂ ಒಂದೇ ಎಳೆಯಲ್ಲಿ. ನಿಮ್ಮ ಮನೆಯ ಗೋಡೆಗೆ ಹೊಡೆದಿರುವ ಆ ಬಿಳಿ ಪೆಟ್ಟಿಗೆಯೊಳಗೂ ಒಂದು ಲೇಸರ್ ಇದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಎಲ್ಲ ಮನೆಗಳ ಲೇಸರ್‌ಗಳೂ ಒಟ್ಟಿಗೆ ಮಾತಾಡಿದರೆ ಕೇಂದ್ರಕ್ಕೆ ಏನೂ ಕೇಳಿಸುವುದಿಲ್ಲ. ಅದಕ್ಕೆ ಕೇಂದ್ರವು ತರಗತಿಯಲ್ಲಿ ಹಾಜರಿ ಕೂಗಿದಂತೆ ಸರದಿ ಹೇಳುತ್ತದೆ. ಸೆಕೆಂಡಿಗೆ 8,000 ಬಾರಿ ಸರದಿಯ ಪಟ್ಟಿ ಕಳಿಸುತ್ತದೆ. ತನ್ನ ಸರದಿ ಬಂದಾಗ ಮಾತ್ರ ಲೇಸರ್ ಬೆಳಗಬೇಕು, ಮುಗಿದ ತಕ್ಷಣ ಪೂರ್ತಿ ಆರಬೇಕು.

ಒಂದು ಸಲ ಒಂದು ಊರಿನಲ್ಲಿ ಒಂದೇ ಕವಲಿನ ಅಷ್ಟೂ ಮನೆಗಳ ಸಂಪರ್ಕ ಬಂದು ಬಂದು ಹೋಗತೊಡಗಿತು. ನನ್ನ ಪರದೆಯ ಮೇಲೆ ಎಲ್ಲ ಚುಕ್ಕೆಗಳೂ ಹಸಿರು, ಕೆಂಪು, ಹಸಿರು, ಕೆಂಪು. ಎರಡು ದಿನ ನಾನು ನಮ್ಮ ಪ್ರೋಗ್ರಾಮಿನಲ್ಲೇ ತಪ್ಪು ಹುಡುಕಿದೆ. ಮೂರನೆಯ ದಿನ ಕಂಬ ಹತ್ತುವ ಲೈನ್‌ಮ್ಯಾನ್ ಒಬ್ಬರು ಮನೆಮನೆಗೆ ಹೋಗಿ ಒಂದೊಂದೇ ಪೆಟ್ಟಿಗೆ ಆರಿಸುತ್ತಾ ಬಂದರು. ಒಂದು ಮನೆಯ ಪೆಟ್ಟಿಗೆ ಆರಿಸಿದೊಡನೆ ಉಳಿದ ಎಲ್ಲ ಮನೆಗಳೂ ಸರಿಹೋದವು. ಫೋನ್ ಮಾಡಿ ಹೇಳಿದರು: "ಸಾರ್, ಈ ಒಂದು ಪೆಟ್ಟಿಗೆ ಬಾಯಿ ಮುಚ್ತಾ ಇರಲಿಲ್ಲ."

ಅಷ್ಟೇ ವಿಷಯ. ಒಂದು ಲೇಸರ್ ಸರದಿ ಮುಗಿದರೂ ಆರದೆ ಬೆಳಗುತ್ತಲೇ ಇತ್ತು. ಆ ಲೈನ್‌ಮ್ಯಾನ್ ಅದನ್ನು ಬೆಳಕು ಕೊಡುವ ಒಂದು ವಸ್ತುವಾಗಿ ನೋಡಿದರು. ಬಿ.ಇ. ಮಾಡಿದ ನಾನು ಅದನ್ನು ಪರದೆಯ ಮೇಲಿನ ಚುಕ್ಕೆಯಾಗಿ ಮಾತ್ರ ನೋಡಿದ್ದೆ. ಆ ರಾತ್ರಿ ಮನೆಗೆ ಹೋಗಿ ಅಟ್ಟದ ಮೇಲಿದ್ದ ಹಳೆಯ ಪಠ್ಯಪುಸ್ತಕ ಇಳಿಸಿ, ಮೊದಲಿನಿಂದ ಓದಲು ಕುಳಿತೆ. ಈಗ ಹೇಳುವುದು ಹಾಗೆ ಓದಿ ಅರ್ಥ ಮಾಡಿಕೊಂಡದ್ದು.

ಮೊದಲ ಪ್ರಶ್ನೆ: ಫೈಬರ್‌ಗೆ ಲೇಸರ್ ಏಕೆ ಬೇಕು, ಬಲ್ಬು ಸಾಲದೇ? ಮೂರು ಕಾರಣಗಳಿವೆ. ಒಂದು, ಫೈಬರ್‌ನಲ್ಲಿ ಬೆಳಕು ಹರಿಯುವ ನಡುಭಾಗ ಕೇವಲ 9 ಮೈಕ್ರೊಮೀಟರ್ ಅಗಲ, ಅಂದರೆ ಒಂದು ಮಿಲಿಮೀಟರ್‌ನಲ್ಲಿ ಅಂಥ ನೂರಕ್ಕೂ ಹೆಚ್ಚು ಎಳೆಗಳನ್ನು ಸಾಲಾಗಿ ಜೋಡಿಸಬಹುದು. ಸುತ್ತಲೂ ಚೆಲ್ಲುವ ಬಲ್ಬಿನ ಬೆಳಕನ್ನು ಅದರೊಳಕ್ಕೆ ತೂರಿಸುವುದು ಸೂಜಿಯ ಕಣ್ಣಿಗೆ ಕೊಡದಿಂದ ನೀರು ಸುರಿದಂತೆ. ಎರಡು, ವೇಗ. ನಿಮ್ಮ ಮನೆಯ ಪೆಟ್ಟಿಗೆಯ ಲೇಸರ್ ತನ್ನ ಸರದಿಯಲ್ಲಿ ಸೆಕೆಂಡಿಗೆ 124 ಕೋಟಿ ಬಿಟ್‌ಗಳ ವೇಗದಲ್ಲಿ ಮಿನುಗುತ್ತದೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಲೆಕ್ಕ ಹಾಕಿ ನೋಡಿ: ಒಂದೊಂದು ಬಿಟ್ ಅಂದರೆ ಗಾಜಿನೊಳಗೆ ಓಡುವ 16 ಸೆಂಟಿಮೀಟರ್ ಉದ್ದದ ಬೆಳಕಿನ ತುಂಡು, ಒಂದು ಗೇಣಿಗೂ ಕಡಿಮೆ. ಮೂರು, ಬಣ್ಣದ ಶುದ್ಧತೆ. ಗಾಜಿನಲ್ಲಿ ಬೇರೆ ಬೇರೆ ಬಣ್ಣಗಳು ಬೇರೆ ಬೇರೆ ವೇಗದಲ್ಲಿ ಹೋಗುತ್ತವೆ. ಕ್ರೀಡಾಕೂಟದಲ್ಲಿ ಒಟ್ಟಿಗೆ ಹೊರಟ ಓಟಗಾರರು ಮೈದಾನದ ಕೊನೆಯಲ್ಲಿ ಚದುರುವಂತೆ, ಹಲವು ಬಣ್ಣ ಬೆರೆತ ಮಿನುಗು ದೂರ ಹೋದಂತೆ ಹರಡಿ, ಹಿಂದಿನ ಮಿನುಗಿನ ಜೊತೆ ಕಲಸಿಹೋಗುತ್ತದೆ. ಒಂದೇ ಬಣ್ಣವಾದರೆ ಹೀಗಾಗುವುದು ಬಹಳ ಕಡಿಮೆ.

ಹಾಗಾದರೆ ಲೇಸರ್ ಎಂದರೇನು? ಬಲ್ಬಿನ ಬೆಳಕು ನಮ್ಮ ಶಾಲೆ ಬಿಡುವ ಗಂಟೆ ಹೊಡೆದಾಗ ಮಕ್ಕಳು ಓಡುವಂತೆ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಲೇಸರ್ ಬೆಳಕು ಆಗಸ್ಟ್ 15ರ ಪಥಸಂಚಲನದಂತೆ, ಒಂದೇ ದಿಕ್ಕು, ಒಂದೇ ಹೆಜ್ಜೆ. ಈ ಶಿಸ್ತು ಬರುವುದು ಹೇಗೆಂದರೆ, ಶಕ್ತಿ ತುಂಬಿಕೊಂಡ ಪರಮಾಣುವಿನ ಪಕ್ಕದಲ್ಲಿ ಅದಕ್ಕೆ ಸರಿಹೊಂದುವ ಬೆಳಕಿನ ಕಣ, ಅಂದರೆ ಫೋಟಾನ್, ಹಾದುಹೋದರೆ ಆ ಪರಮಾಣು ಥೇಟ್ ಅಂಥದ್ದೇ ಇನ್ನೊಂದು ಫೋಟಾನ್ ಬಿಡುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಇದೇ ಪ್ರಚೋದಿತ ಉತ್ಸರ್ಜನೆ. ಐನ್‌ಸ್ಟೈನ್ ಇದನ್ನು 1917ರ ಹೊತ್ತಿಗೇ ಕಾಗದದ ಮೇಲೆ ತೋರಿಸಿದ್ದರು. ಅದನ್ನು ಮಾಡಿ ತೋರಿಸಲು 43 ವರ್ಷ ಬೇಕಾಯಿತು. 1960ರ ಮೇ 16ರಂದು ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದರು.

ಮಾಣಿಕ್ಯದ ಲೇಸರ್‌ಗೆ ಸುತ್ತಲೂ ಫ್ಲ್ಯಾಷ್ ದೀಪ ಬೇಕು. ಅದನ್ನು ಮನೆಮನೆಗೆ ಕೊಡಲಾಗದು. ಎರಡೇ ವರ್ಷಗಳಲ್ಲಿ, 1962ರಲ್ಲಿ, ಅಮೆರಿಕದ ರಾಬರ್ಟ್ ಹಾಲ್ ಅವರ ತಂಡ ಅರೆವಾಹಕದ ಲೇಸರ್ ಮಾಡಿತು. ಅದೇ ವರ್ಷ ಇನ್ನೂ ಮೂರು ತಂಡಗಳು ಮಾಡಿದವು. ಇದಕ್ಕೆ ಫ್ಲ್ಯಾಷ್ ಬೇಡ, ನೇರವಾಗಿ ಕರೆಂಟು ಹರಿಸಿದರೆ ಸಾಕು. ಕರೆಂಟು ಏರಿಸಿ ಇಳಿಸಿದರೆ ಬೆಳಕೂ ಏರಿ ಇಳಿಯುತ್ತದೆ. ಬೆಳಕನ್ನು ಹಿಂದೆ ಮುಂದೆ ಓಡಿಸಿ ಬೆಳೆಸಲು ಲೇಸರ್‌ಗೆ ಎರಡು ಕನ್ನಡಿಗಳು ಬೇಕಷ್ಟೆ. ಸೌದೆಯನ್ನು ನಾರಿನ ಗುಂಟ ಸೀಳಿದರೆ ನೇರವಾಗಿ ಸೀಳುವಂತೆ ಈ ಹರಳು ಕೂಡ ತನ್ನ ಪರಮಾಣುಗಳ ಸಾಲಿನ ಗುಂಟ ನುಣುಪಾಗಿ ಸೀಳುತ್ತದೆ. ಆ ಸೀಳಿದ ಮುಖವೇ ಕನ್ನಡಿ. ಇಡೀ ಲೇಸರ್ ಚಿಪ್ಪಿನ ಉದ್ದ ಒಂದು ಮಿಲಿಮೀಟರ್‌ನ ಮೂರನೆಯ ಒಂದು ಭಾಗದಷ್ಟು. ಒಂದು ರಾಗಿ ಕಾಳಿನ ಮೇಲೆ ನಾಲ್ಕೈದನ್ನು ಇಡಬಹುದು.

ಈಗ ನನ್ನ ಪರೀಕ್ಷಕರ ಪ್ರಶ್ನೆಗೆ ಬರೋಣ. ಆ ಚಿಪ್ಪು ಸಿಲಿಕಾನ್ ಏಕಲ್ಲ?

ಅರೆವಾಹಕದೊಳಗೆ ಎಲೆಕ್ಟ್ರಾನ್‌ಗಳಿಗೆ ಎರಡು ಅಂತಸ್ತು ಎಂದುಕೊಳ್ಳಿ. ಕರೆಂಟು ಹರಿಸಿದಾಗ ಎಲೆಕ್ಟ್ರಾನ್‌ಗಳು ಮೇಲಿನ ಅಂತಸ್ತಿಗೆ ಬರುತ್ತವೆ. ಅಲ್ಲಿಂದ ಕೆಳಗಿನ ಖಾಲಿ ಜಾಗಕ್ಕೆ ಬಿದ್ದಾಗ ಬಿಟ್ಟುಕೊಡುವ ಶಕ್ತಿ ಬೆಳಕಾಗಬಹುದು. ಒಂದು ಮಾವಿನ ಮರ ನೆನಪಿಸಿಕೊಳ್ಳಿ. ಹಣ್ಣಿನ ನೇರ ಕೆಳಗೇ ಬುಟ್ಟಿಯಿದ್ದರೆ ಕಳಚಿದ ಹಣ್ಣು ಸೀದಾ ಬುಟ್ಟಿಗೆ ಬೀಳುತ್ತದೆ. ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕ ಹೀಗಿದೆ. ಅದರಲ್ಲಿ ಎಲೆಕ್ಟ್ರಾನ್ ನೇರ ಕೆಳಗೆ ಬಿದ್ದು ಬೆಳಕು ಕೊಡುತ್ತದೆ. ಸಿಲಿಕಾನ್‌ನಲ್ಲಿ ಬುಟ್ಟಿ ಪಕ್ಕದ ಮರದ ಕೆಳಗಿದೆ. ಹಣ್ಣು ಕೆಳಗೆ ಬೀಳುವುದರ ಜೊತೆಗೆ ಪಕ್ಕಕ್ಕೂ ಸರಿಯಬೇಕು. ಅಂದರೆ ಎಲೆಕ್ಟ್ರಾನ್ ತನ್ನ ಶಕ್ತಿಯ ಜೊತೆ ಸಂವೇಗವನ್ನೂ ಬದಲಿಸಬೇಕು. ಫೋಟಾನ್‌ಗೆ ಆ ಸಂವೇಗ ಹೊರುವ ತ್ರಾಣ ಇಲ್ಲ. ಹರಳಿನ ಪರಮಾಣುಗಳ ನಡುಕ ಅದೇ ಕ್ಷಣಕ್ಕೆ ಬಂದು ಪಕ್ಕಕ್ಕೆ ತಳ್ಳಬೇಕು, ಸರಿಯಾದ ಗಳಿಗೆಗೆ ಸರಿಯಾದ ಗಾಳಿ ಬೀಸಿದಂತೆ. ಅದು ಅಪರೂಪ. ಅಷ್ಟರಲ್ಲಿ ಎಲೆಕ್ಟ್ರಾನ್ ಬೇರೆ ದಾರಿ ಹಿಡಿದು ತನ್ನ ಶಕ್ತಿಯನ್ನು ಶಾಖವಾಗಿ ಕಳೆದುಕೊಂಡಿರುತ್ತದೆ. ಹಾಗಾಗಿ ಲೆಕ್ಕ ಮಾಡುವುದರಲ್ಲಿ ಜಾಣನಾದ ಸಿಲಿಕಾನ್, ಬೆಳಕು ಕೊಡುವುದರಲ್ಲಿ ದಡ್ಡ.

ಇಷ್ಟೇ ಉತ್ತರ. ಇದನ್ನು ಕನ್ನಡದಲ್ಲಿ ಹೇಳಲು ನನಗೆ ಹದಿನೈದು ವರ್ಷ ಬೇಕಾಯಿತು.

ಆದರೆ ಗ್ಯಾಲಿಯಂ ಆರ್ಸೆನೈಡ್ ಸಿಕ್ಕಿದ ಕೂಡಲೇ ಕೆಲಸ ಮುಗಿಯಲಿಲ್ಲ. 1962ರ ಆ ಲೇಸರ್‌ಗಳನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ತಣ್ಣಗಿಡಬೇಕಿತ್ತು. ಆಗಲೂ ಕ್ಷಣಕ್ಷಣದ ಮಿಂಚು ಮಾತ್ರ. ಕಾರಣ, ಎಲೆಕ್ಟ್ರಾನ್‌ಗಳು ಒಂದೆಡೆ ನಿಲ್ಲದೆ ಹರಳಿನ ತುಂಬ ಹರಡಿಹೋಗುತ್ತಿದ್ದವು. ಬದು ಇಲ್ಲದ ಗದ್ದೆಗೆ ನೀರು ಬಿಟ್ಟಂತೆ. ಎಷ್ಟು ಬಿಟ್ಟರೂ ನಿಲ್ಲದು. 1963ರಲ್ಲಿ ಇಬ್ಬರು, ಒಬ್ಬರಿಗೊಬ್ಬರು ತಿಳಿಯದೆ, ಒಂದೇ ಉಪಾಯ ಸೂಚಿಸಿದರು. ಒಬ್ಬರು ಅಮೆರಿಕದಲ್ಲಿದ್ದ ಹರ್ಬರ್ಟ್ ಕ್ರೋಮರ್, ಇನ್ನೊಬ್ಬರು ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡ್‌ನಲ್ಲಿದ್ದ ಝೋರೆಸ್ ಅಲ್ಫೆರೋವ್. ಉಪಾಯ ಇದು: ತೆಳುವಾದ ಗ್ಯಾಲಿಯಂ ಆರ್ಸೆನೈಡ್ ಪದರದ ಎರಡೂ ಬದಿಗೆ ಸ್ವಲ್ಪ ಬೇರೆ ಜಾತಿಯ ಅರೆವಾಹಕದ ಪದರ ಇಡಿ. ಅವು ಬದುವಿನಂತೆ ಎಲೆಕ್ಟ್ರಾನ್‌ಗಳನ್ನು ನಡುವೆ ಹಿಡಿದು ನಿಲ್ಲಿಸುತ್ತವೆ. ಜೊತೆಗೆ ಹೊರಪದರದ ವಕ್ರೀಭವನ ಸೂಚ್ಯಂಕ ಕಡಿಮೆಯಿದ್ದರೆ ಬೆಳಕೂ ಒಳಗೇ ಉಳಿಯುತ್ತದೆ. ಮಕ್ಕಳೇ, ಗಮನಿಸಿ: ನಮ್ಮ ಮೇಷ್ಟ್ರ ನೀರಿನ ಧಾರೆಯಲ್ಲಿ ನಡೆದದ್ದೇ ಲೇಸರ್‌ನ ಹೊಟ್ಟೆಯೊಳಗೂ ನಡೆಯುತ್ತದೆ.

ಕ್ರೋಮರ್ ತಮ್ಮ ಬರಹವನ್ನು ಒಂದು ಪತ್ರಿಕೆಗೆ ಕಳಿಸಿದಾಗ ಅದು ತಿರಸ್ಕೃತವಾಯಿತು. ಪ್ರಾಯೋಗಿಕ ಉಪಯೋಗವಿಲ್ಲ ಎಂಬ ಕಾರಣಕ್ಕೆ ಆ ಲೇಸರ್ ಮಾಡಿ ನೋಡಲು ಅವರಿಗೆ ಅವಕಾಶವೂ ಸಿಗಲಿಲ್ಲ ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಅಲ್ಫೆರೋವ್ ತಂಡ ಹಟ ಹಿಡಿದು ಕೂತಿತು. ಪದರದ ಮೇಲೆ ಪದರ ಬೆಳೆಸಬೇಕಾದರೆ ಎರಡರ ಪರಮಾಣುಗಳ ಅಂತರ ಒಂದೇ ಇರಬೇಕು. ಬೇರೆ ಬೇರೆ ಅಳತೆಯ ಇಟ್ಟಿಗೆಯಿಂದ ಗೋಡೆ ಕಟ್ಟಿದರೆ ಬಿರುಕು ಬಿಡುತ್ತದಲ್ಲ, ಹಾಗೆ. ಗ್ಯಾಲಿಯಂ ಆರ್ಸೆನೈಡ್‌ಗೆ ಅಲ್ಯೂಮಿನಿಯಂ ಬೆರೆಸಿದ ಪದರ ಸರಿಯಾಗಿ ಹೊಂದಿತು. 1970ರಲ್ಲಿ ಅಲ್ಫೆರೋವ್ ತಂಡವೂ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಜುವೊ ಹಯಾಶಿ ಮತ್ತು ಮಾರ್ಟನ್ ಪ್ಯಾನಿಶ್ ಅವರೂ ಕೋಣೆಯ ಉಷ್ಣತೆಯಲ್ಲೇ ಆರದೆ ಬೆಳಗುವ ಲೇಸರ್ ಮಾಡಿದರು. ಮೊದಮೊದಲು ಅವುಗಳ ಆಯಸ್ಸು ಬಹಳ ಕಡಿಮೆ. ಹರಳಿನಲ್ಲಿದ್ದ ಸಣ್ಣ ದೋಷಗಳು ಬೆಳೆದು ಬೆಳಕನ್ನು ನುಂಗುತ್ತಿದ್ದವು. ದೋಷ ಹುಡುಕಿ, ಹರಳು ಬೆಳೆಸುವ ರೀತಿಯನ್ನು ತಿದ್ದಿ ತಿದ್ದಿ, ವರ್ಷಗಟ್ಟಲೆ ಬಾಳುವಂತೆ ಮಾಡಿದರು. ಕ್ರೋಮರ್ ಮತ್ತು ಅಲ್ಫೆರೋವ್ ಅವರಿಗೆ 2000ದಲ್ಲಿ ನೊಬೆಲ್ ಬಂತು. ಯೋಚನೆ ಹೊಳೆದು 37 ವರ್ಷಗಳ ಮೇಲೆ.

ಗಾಜಿನ ಕಥೆಯೂ ಹೀಗೇ. ಬಾಗಿದ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಕಳಿಸಬಹುದೆಂದು 1954ರಲ್ಲಿ ಲಂಡನ್ನಿನಲ್ಲಿ ತೋರಿಸಿದವರಲ್ಲಿ ಒಬ್ಬರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಆದರೆ ಆಗಿನ ಗಾಜಿನಲ್ಲಿ ಬೆಳಕು ಕೆಲವೇ ಮೀಟರ್ ಹೋಗಿ ಸೋರಿಹೋಗುತ್ತಿತ್ತು. 1966ರಲ್ಲಿ ಇಂಗ್ಲೆಂಡಿನಲ್ಲಿದ್ದ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್, ತಪ್ಪು ಗಾಜಿನದಲ್ಲ, ಗಾಜಿನಲ್ಲಿರುವ ಕೊಳೆಯದು, ಅದನ್ನು ತೆಗೆದರೆ ದೂರಸಂಪರ್ಕ ಸಾಧ್ಯ ಎಂದರು. ಒಂದು ಕಿಲೋಮೀಟರ್ ದಾಟಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು ಎಂಬುದು ಅವರ ಗುರಿ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಮಾರರ್, ಕೆಕ್ ಮತ್ತು ಶುಲ್ಟ್ಸ್ ಆ ಗುರಿ ಮುಟ್ಟಿದರು. ಇವತ್ತಿನ ಫೈಬರ್‌ನಲ್ಲಿ ಅದೇ ನೂರರ ಒಂದು ಪಾಲು ಉಳಿಯುವುದು 100 ಕಿಲೋಮೀಟರ್ ದಾಟಿದ ಮೇಲೆ. ಬೆಂಗಳೂರಿನಿಂದ ಹೊರಟ ಬೆಳಕು 70 ಕಿಲೋಮೀಟರ್ ದೂರದ ತುಮಕೂರು ಮುಟ್ಟುವಾಗ ನೂರರಲ್ಲಿ ನಾಲ್ಕು ಪಾಲು ಉಳಿದಿರುತ್ತದೆ. ಅಷ್ಟು ಬೇಕಾದಷ್ಟಾಯಿತು.

ಗಾಜು ಅತಿ ಪಾರದರ್ಶಕವಾಗಿರುವುದು ನಮ್ಮ ಕಣ್ಣಿಗೆ ಕಾಣದ 1310 ಮತ್ತು 1550 ನ್ಯಾನೊಮೀಟರ್‌ಗಳ ಸುತ್ತಮುತ್ತಲಿನ ಅವಕೆಂಪು ಬೆಳಕಿಗೆ. ಹಾಗಾಗಿ ಲೇಸರ್‌ನ ಬಣ್ಣವನ್ನೇ ಗಾಜಿಗೆ ಹೊಂದಿಸಬೇಕಾಯಿತು. ಅರೆವಾಹಕದಲ್ಲಿ ಬಣ್ಣ ಹೊಂದಿಸುವುದು ಸಾರಿಗೆ ಉಪ್ಪು ಹುಳಿ ಹದ ಮಾಡಿದಂತೆ. ಮೂಲಧಾತುಗಳ ಪ್ರಮಾಣ ಬದಲಿಸಿದರೆ ಎರಡು ಅಂತಸ್ತುಗಳ ನಡುವಿನ ಎತ್ತರ ಬದಲಾಗಿ ಬಣ್ಣ ಬದಲಾಗುತ್ತದೆ. ಇಂಡಿಯಂ ಫಾಸ್ಫೈಡ್ ಹರಳಿನ ಮೇಲೆ ಇಂಡಿಯಂ, ಗ್ಯಾಲಿಯಂ, ಆರ್ಸೆನಿಕ್, ರಂಜಕ ಈ ನಾಲ್ಕನ್ನು ಹದವಾಗಿ ಬೆರೆಸಿ ಬೆಳೆಸಿದ ಲೇಸರ್‌ಗಳು ಆ ತರಂಗದೂರಗಳನ್ನು ಕೊಟ್ಟವು. ದೂರದ ಪಯಣದಲ್ಲೂ ಒಂದೇ ಬಣ್ಣ ಬಿಡದಂತೆ, ಚಿಪ್ಪಿನೊಳಗೇ ಅತಿ ಸೂಕ್ಷ್ಮ ಗೆರೆಗಳನ್ನು ಕೊರೆದ ಲೇಸರ್‌ಗಳು ಬಂದವು. ಅದರಲ್ಲಿ ಜಪಾನಿನ ಯಾಸುಹಾರು ಸುಯೆಮಾತ್ಸು ಅವರ ಕೆಲಸ ಬಹಳ ದೊಡ್ಡದು. ಫಲ ಏನೆಂದು ಎರಡು ಅಂಕಿಯಲ್ಲಿ ಹೇಳುತ್ತೇನೆ. 1956ರಲ್ಲಿ ಅಟ್ಲಾಂಟಿಕ್ ಸಾಗರದಡಿ ಹಾಕಿದ ಮೊದಲ ತಾಮ್ರದ ದೂರವಾಣಿ ಕೇಬಲ್‌ನಲ್ಲಿ ಏಕಕಾಲಕ್ಕೆ 36 ಕರೆ. 1988ರಲ್ಲಿ ಅದೇ ಸಾಗರದಡಿ ಹಾಕಿದ ಮೊದಲ ಫೈಬರ್ ಕೇಬಲ್‌ನಲ್ಲಿ 40,000 ಕರೆ.

ಇವತ್ತು ವಿಜ್ಞಾನ ದಿನ. ಸರ್ ಸಿ.ವಿ. ರಾಮನ್ ಅವರನ್ನು ನೆನೆಯುವ ದಿನ. 1928ರಲ್ಲಿ ಅವರು ಕಂಡ ರಾಮನ್ ಪರಿಣಾಮ ಬರೀ ಪಠ್ಯದ ಐದು ಅಂಕದ ಪ್ರಶ್ನೆಯಲ್ಲ. ದೂರದ ಫೈಬರ್‌ನಲ್ಲಿ ಬೆಳಕು ಸೊರಗಿದಾಗ ಸ್ವಲ್ಪ ಕಡಿಮೆ ತರಂಗದೂರದ ಬಲವಾದ ಲೇಸರ್ ಬೆಳಕನ್ನು ಅದೇ ಎಳೆಗೆ ಬಿಡುತ್ತಾರೆ. ಗಾಜಿನೊಳಗೆ ರಾಮನ್ ಪರಿಣಾಮದಿಂದಲೇ ಅದರ ಶಕ್ತಿ ಸೊರಗಿದ ಬೆಳಕಿಗೆ ದಾಟಿ ಅದನ್ನು ಹುರಿದುಂಬಿಸುತ್ತದೆ. ಅದಕ್ಕೆ ಹೆಸರೇ ರಾಮನ್ ವರ್ಧಕ. ರಾಮನ್ ಬೆಂಗಳೂರಿನಲ್ಲಿ ತೀರಿಕೊಂಡದ್ದು 1970ರ ನವೆಂಬರ್ 21ರಂದು. ಗಾಜೂ ಲೇಸರೂ ಸಿದ್ಧವಾದ ಅದೇ ವರ್ಷ.

ಈಗ ನಮ್ಮೂರಿಗೆ ಬರೋಣ. ಪ್ರತಿ ಗ್ರಾಮ ಪಂಚಾಯಿತಿಗೂ ಫೈಬರ್ ಮುಟ್ಟಿಸುವ ಯೋಜನೆಗೆ 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು, ಅದೇ ಮುಂದೆ ಭಾರತ್‌ನೆಟ್ ಆಯಿತು. ಪಹಣಿಗೆ, ಪಿಂಚಣಿಗೆ, ಫಲಿತಾಂಶಕ್ಕೆ ನಾವೆಲ್ಲ ಇಂಥ ಎಳೆಗಳನ್ನೇ ನಂಬಿದ್ದೇವೆ. ಒಂದು ಎಚ್ಚರಿಕೆ ಹೇಳಬೇಕು: ರಸ್ತೆ ಬದಿ ತುಂಡಾಗಿ ಬಿದ್ದ ಫೈಬರ್‌ನ ತುದಿಯನ್ನಾಗಲಿ, ಮನೆಯಲ್ಲಿ ಬಿಚ್ಚಿದ ಫೈಬರ್ ಪಿನ್ನನ್ನಾಗಲಿ ಕಣ್ಣಿಗೆ ಹಿಡಿದು ನೋಡಬೇಡಿ. ಅದರಲ್ಲಿನ ಬೆಳಕು ಕಾಣುವುದಿಲ್ಲ, ಹಾಗಾಗಿ ಕಣ್ಣು ತಾನಾಗಿ ಮುಚ್ಚುವುದೂ ಇಲ್ಲ. ಗಾಜಿನ ಚೂರು ಚರ್ಮಕ್ಕೆ ಚುಚ್ಚಿಕೊಂಡರೆ ತೆಗೆಯುವುದೂ ಕಷ್ಟ.

ನನ್ನ ಪರದೆಯಲ್ಲಿ ಈಗಲೂ ಪ್ರತಿ ಲೇಸರ್‌ನ ಪಕ್ಕ ಕೆಲವು ಅಂಕಿ ಕಾಣುತ್ತವೆ: ಉಷ್ಣತೆ, ಹರಿಯುವ ಕರೆಂಟು, ಕೊಡುವ ಬೆಳಕು. ಲೇಸರ್‌ಗೆ ವಯಸ್ಸಾದಂತೆ ಅಷ್ಟೇ ಬೆಳಕು ಕೊಡಲು ಹೆಚ್ಚು ಕರೆಂಟು ಬೇಕಾಗುತ್ತದೆ. ಮೊದಲು ಅದು ನನಗೆ ಬರೀ ಅಂಕಿ. ಈಗ ಕರೆಂಟು ಏರುತ್ತಿರುವುದನ್ನು ಕಂಡರೆ, ಎಲ್ಲೋ ಒಂದು ಹರಳು ದಣಿಯುತ್ತಿದೆ, ಆ ಊರಿನ ಸಂಪರ್ಕ ಹೋಗುವ ಮೊದಲೇ ಅದನ್ನು ಬದಲಿಸಬೇಕು ಎಂದು ತಿಳಿಯುತ್ತದೆ. ವಿಷಯ ಅರ್ಥವಾದ ಮೇಲೆ ನನ್ನ ಸಾಫ್ಟ್‌ವೇರ್ ಕೂಡ ಚೆನ್ನಾಯಿತು.

ಮಕ್ಕಳೇ, ನಿಮ್ಮಲ್ಲಿ ಬಹಳ ಜನ ಸಾಫ್ಟ್‌ವೇರ್‌ಗೆ ಹೋಗಬೇಕು ಎನ್ನುತ್ತೀರಿ. ಹೋಗಿ, ನಾನೂ ಹೋದೆ, ಅನ್ನ ಕೊಟ್ಟಿದೆ. ಆದರೆ ಹರಳು ಬೆಳೆಸುವವರು, ಗಾಜು ಎಳೆಯುವವರು, ಕಂಬ ಹತ್ತಿ ತಪ್ಪು ಹುಡುಕುವವರು ಇಲ್ಲದಿದ್ದರೆ ಸಾಫ್ಟ್‌ವೇರ್ ಎಲ್ಲಿಗೂ ಹೋಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಕೆಲಸಕ್ಕೆಂದೇ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರವಿದೆ. ಭೌತವಿಜ್ಞಾನ, ರಸಾಯನವಿಜ್ಞಾನ ಓದಿದವರಿಗೂ ಅಲ್ಲಿ ದಾರಿಯಿದೆ. ಸಿಲಿಕಾನ್‌ನ ಪ್ರಶ್ನೆಯೂ ಮುಗಿದಿಲ್ಲ. 2020ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನ ವಿಜ್ಞಾನಿಗಳು ಸಿಲಿಕಾನ್ ಮತ್ತು ಜರ್ಮೇನಿಯಂ ಬೆರೆಸಿ, ಪರಮಾಣುಗಳನ್ನು ಬೇರೆ ಜೋಡಣೆಯಲ್ಲಿ ಬೆಳೆಸಿ, ಅದರಿಂದ ಬೆಳಕು ಬರಿಸಿದ್ದಾರೆ. ಬುಟ್ಟಿಯನ್ನು ಹಣ್ಣಿನ ಕೆಳಕ್ಕೆ ಸರಿಸಿದ್ದಾರೆ ಎನ್ನಿ. ಅದರಿಂದ ಬಳಕೆಯ ಲೇಸರ್ ಮಾಡುವ ಕೆಲಸ ಉಳಿದಿದೆ. ನಿಮ್ಮಲ್ಲೊಬ್ಬರು ಮಾಡಬಾರದೇಕೆ?

ಕೊನೆಯದಾಗಿ ಒಂದು ಮಾತು. ಓದಿದ್ದನ್ನು ಮನೆಯಲ್ಲಿ ಅವ್ವನಿಗೆ, ತಂಗಿಗೆ ನಿಮ್ಮ ಮಾತಿನಲ್ಲಿ ಹೇಳಿ ನೋಡಿ. ಹೇಳಲು ಬಂದರೆ ಬಂತು. ಬಾರದಿದ್ದರೆ ಇಂಗ್ಲಿಷಿನ ಮೇಲೆ ಹಾಕಬೇಡಿ, ಇನ್ನೊಮ್ಮೆ ಓದಿ, ಮೇಷ್ಟ್ರನ್ನು ಕೇಳಿ. ನಾನು ಕೇಳದೆ ಹದಿನೈದು ವರ್ಷ ಕಳೆದೆ.

ನಮ್ಮ ಬ್ಯಾಚಿನ ಗೆಳೆಯರೆಲ್ಲ ಸೇರಿ ಶಾಲೆಯ ಪ್ರಯೋಗಾಲಯಕ್ಕೆ ಒಂದು ಫೈಬರ್ ಮತ್ತು ಲೇಸರ್ ಕಿಟ್ ತಂದಿದ್ದೇವೆ. ದಯವಿಟ್ಟು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅದರ ಜೊತೆ ಒಂದು ಖಾಲಿ ನೀರಿನ ಬಾಟಲಿ ಮತ್ತು ಒಂದು ಮೊಳೆಯನ್ನೂ ಇಟ್ಟಿದ್ದೇನೆ. ಅದು ಯಾಕೆಂದು ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಮೇಷ್ಟ್ರಿಗೆ ಗೊತ್ತು.

ಸಾರ್, ಆವತ್ತು ಹಲಗೆಯ ಮೇಲೆ ಲೇಸರ್ ಬಿಟ್ಟದ್ದಕ್ಕೆ ಕ್ಷಮೆ ಇರಲಿ. ಮನೆಗೆ ಹೇಳಿ ಕಳಿಸದೆ, ನೀರು ತುಂಬಿದ ಬಾಟಲಿ ತಂದದ್ದಕ್ಕೆ ನಮಸ್ಕಾರ.